ಗೀತಾಂಜಲಿ ಒಂದೇ ಅಲ್ಲ

ನಮ್ಮಲ್ಲಿ ಅನೇಕರ ಮನೆಯ ಕಪಾಟಿನಲ್ಲಿ ಒಂದು ‘ಗೀತಾಂಜಲಿ’ ಇರುತ್ತದೆ. ಆದರೆ ಅದು ಯಾವ ಗೀತಾಂಜಲಿ? 1910ರ ಬಂಗಾಳಿ ಸಂಕಲನದಲ್ಲಿ 157 ರಚನೆಗಳಿವೆ. 1912ರ ಇಂಗ್ಲಿಷ್ ಗೀತಾಂಜಲಿಯಲ್ಲಿರುವುದು 103. ಅವುಗಳಲ್ಲಿ ಸುಮಾರು ಅರ್ಧ ಮಾತ್ರ ಬಂಗಾಳಿ ಗೀತಾಂಜಲಿಯವು. ಉಳಿದವು ‘ನೈವೇದ್ಯ’, ‘ಖೇಯಾ’ ಮುಂತಾದ ಬೇರೆ ಸಂಕಲನಗಳಿಗೆ ಸೇರಿದವು. ಅಚ್ಚಿನ ಪುಸ್ತಕ ಈ ನಂಟನ್ನು ಹೆಚ್ಚೆಂದರೆ ಅಡಿಟಿಪ್ಪಣಿಯಲ್ಲಿ ಹೇಳೀತು.

ಟ್ಯಾಗೋರರ ಬರಹಗಳ ಇಂಥ ನಂಟುಗಳನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಕೋಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯ. ಪ್ರೊ. ಸುಕಾಂತ ಚೌಧುರಿ ಅವರ ನೇತೃತ್ವದಲ್ಲಿ 2013ರಲ್ಲಿ ಸಿದ್ಧವಾದ ಜಾಲತಾಣದ ಹೆಸರು ‘ಬಿಚಿತ್ರಾ’. ನಮ್ಮ ‘ವಿಚಿತ್ರ’ವೇ; ಬಂಗಾಳಿಯಲ್ಲಿ ಬಗೆಬಗೆಯದು ಎಂಬ ಅರ್ಥವೂ ಇದೆ. 47,520 ಹಸ್ತಪ್ರತಿ ಪುಟಗಳು, 91,637 ಮುದ್ರಿತ ಪುಟಗಳು ಅಲ್ಲಿವೆ. ‘ಪ್ರಭೇದ್’ ಎಂಬ ತಂತ್ರಾಂಶ ಒಂದೇ ಕೃತಿಯ ಬೇರೆ ಬೇರೆ ಪಾಠಗಳನ್ನು ಹೋಲಿಸಿ, ಅಧ್ಯಾಯದಿಂದ ಹಿಡಿದು ಪದದವರೆಗೆ ಏನು ಬದಲಾಯಿತೆಂದು ತೋರಿಸುತ್ತದೆ.

ಅಮೆರಿಕದ ಟೆಡ್ ನೆಲ್ಸನ್ 1965ರಲ್ಲಿ ‘ಹೈಪರ್‌ಟೆಕ್ಸ್ಟ್’ ಎಂದು ಕರೆದದ್ದು ಇಂಥ ಕವಲೊಡೆಯುವ ಬರಹವನ್ನೇ. ಮೊಬೈಲಿನಲ್ಲಿ ನಾವು ಒತ್ತುವ ಕೊಂಡಿಗಳು ಸಾಮಾನ್ಯವಾಗಿ ಓದುತ್ತಿದ್ದುದನ್ನು ಬಿಡಿಸಿ ಇನ್ನೆಲ್ಲಿಗೋ ಒಯ್ಯುತ್ತವೆ. ಇಲ್ಲಿನವು ಅದೇ ಕವಿತೆಯ ಒಳಕ್ಕೇ ಒಯ್ಯುತ್ತವೆ.

ಕನ್ನಡದಲ್ಲೂ ‘ವಚನ ಸಂಚಯ’ ಇದೆ. ‘ಬಯಲು’ ಎಂದು ಹುಡುಕಿದರೆ ಆ ಪದವನ್ನು ಬಳಸಿದ ವಚನಗಳೆಲ್ಲ ಒಟ್ಟಿಗೆ ಎದುರಾಗುತ್ತವೆ. ಊರು ಬಿಟ್ಟು ಬಂದವರಿಗೆ, ಹತ್ತಿರದಲ್ಲಿ ಕನ್ನಡ ಗ್ರಂಥಾಲಯವಿಲ್ಲದವರಿಗೆ ಇದು ದೊಡ್ಡ ಆಸರೆ. ಆದರೆ ಪದ ಸಿಕ್ಕಿತೆಂದು ವಚನ ದಕ್ಕುವುದಿಲ್ಲ. ಅದನ್ನು ಮೊದಲಿನಿಂದ ಅಂಕಿತದವರೆಗೆ ಓದುವ ವ್ಯವಧಾನವನ್ನು ನಾವೇ ತರಬೇಕು.

ಬರೆಯುವವರ ಪಾಲಿಗೆ ಇನ್ನೊಂದು ಪ್ರಶ್ನೆ ಇದೆ. ಟ್ಯಾಗೋರ್ ಹೊಡೆದುಹಾಕಿದ ಸಾಲುಗಳ ಮೇಲೆ ಗೀಚುತ್ತ ಗೀಚುತ್ತ ಹಕ್ಕಿ, ಮುಖ, ಮೃಗಗಳನ್ನು ಮೂಡಿಸಿದರು. ‘ಪೂರಬಿ’ಯ ಹಸ್ತಪ್ರತಿ ಇದಕ್ಕೆ ಹೆಸರಾಗಿದೆ. ಕವಿ ಬೇಡವೆಂದದ್ದೂ ಉಳಿದದ್ದರಿಂದಲೇ ‘ಬಿಚಿತ್ರಾ’ ಸಾಧ್ಯವಾಯಿತು. ಇಂದು ನೇರ ಕಂಪ್ಯೂಟರಿನಲ್ಲಿ ಬರೆದು ಅಳಿಸಿದ ಸಾಲಿಗೆ ಗುರುತೇ ಇರುವುದಿಲ್ಲ. ನಾಳೆ ಕನ್ನಡದ ಲೇಖಕರೊಬ್ಬರಿಗೆ ಇಂಥ ತಾಣ ಕಟ್ಟಹೊರಟರೆ ಹೋಲಿಸಲು ಏನು ಉಳಿದಿರುತ್ತದೆ?

ಬರೆಯುವವರು ಪ್ರತಿ ಕರಡನ್ನೂ ತಾರೀಖು ಹಾಕಿ ಬೇರೆ ಕಡತವಾಗಿ ಉಳಿಸಿಕೊಳ್ಳಬಹುದು. ಓದುವವರಿಗೂ ಒಂದು ಕೆಲಸವಿದೆ. ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಮೇಲೆ ಅಜ್ಜನದೋ ದೊಡ್ಡಪ್ಪನದೋ ಕೈಬರಹದ ಪುಸ್ತಕ ಸಿಕ್ಕರೆ, ಚಿತ್ತುಕಾಟು ಹೆಚ್ಚಿದೆಯೆಂದು ರದ್ದಿಗೆ ಹಾಕಬೇಡಿ. ಪುಟಪುಟವನ್ನೂ ಫೋಟೊ ತೆಗೆದಿಡಿ, ಚಿತ್ತು ಸಮೇತ.