ಹೊಗಳಿಕೆಯಿಂದ ನಿಂದೆಗಿಳಿದ ಒಂದು ಶಬ್ದ

ಮಗನಿಗೆ ಉಪಕಾರ ಮಾಡಿದ ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಕೃತಜ್ಞತೆಯ ಕಾಗದವನ್ನು ಬರೆಯುವಾಗ, ಸಾಮಾನ್ಯವಾದ ಮಾತು ಸಾಲದೆಂದು ಕೋಶವನ್ನು ತೆರೆದು ದೊಡ್ಡ ಶಬ್ದವೊಂದನ್ನು ಹುಡುಕುವ ಅಭ್ಯಾಸವು ನಮ್ಮ ಗೃಹಸ್ಥರಲ್ಲಿ ಇನ್ನೂ ಉಂಟು. ಅಂಥವರು ‘ಇಗ್ರೀಜಿಯಸ್’ ಎಂಬ ವಿಶೇಷಣದ ವಿಷಯದಲ್ಲಿ ಎಚ್ಚರದಿಂದಿರತಕ್ಕದ್ದು. ೧೭೫೫ರಲ್ಲಿ ಪ್ರಕಟವಾದ ಜಾನ್ಸನ್ನನ ಕೋಶದಲ್ಲಿ ಇದಕ್ಕೆ ‘ಶ್ರೇಷ್ಠವಾದ, ಅಸಾಧಾರಣವಾದ’ ಎಂಬ ಅರ್ಥವೇ ಮೊದಲು ಬರುತ್ತದೆ. ನಿಂದಾರ್ಥವು ಅದರ ಹಿಂದೆ ನಿಂತಿದೆ. ಈಗಲಾದರೋ ನಿಂದೆಯೊಂದೇ ಉಳಿದಿದೆ. ‘ತಮ್ಮ ಇಗ್ರೀಜಿಯಸ್ ಸೇವೆ’ ಎಂದು ಬರೆದರೆ ಆ ಅಧಿಕಾರಿಯು ತನ್ನ ಸೇವೆ ಎದ್ದು ಕಾಣುವಷ್ಟು ಕೆಟ್ಟದ್ದೆಂದು ತಿಳಿಯುವನು.

ಶಬ್ದದ ಹುಟ್ಟು ಲ್ಯಾಟಿನ್ ಭಾಷೆಯಲ್ಲಿ. ‘ಎಕ್ಸ್’ ಎಂದರೆ ಹೊರಗೆ, ‘ಗ್ರೆಕ್ಸ್’ ಎಂದರೆ ಮಂದೆ. ಮಂದೆಯಿಂದ ಬೇರೆಯಾಗಿ ಎದ್ದು ತೋರುವುದು ‘ಎಗ್ರೇಗಿಯುಸ್’. ಮಕ್ಕಳ ಅಂಕಪಟ್ಟಿಯಲ್ಲಿ ನಾವು ಕಾಣುವ ‘ಅಗ್ರಿಗೇಟ್’ ಸಹ ಇದೇ ಮಂದೆಯ ಸಂತತಿ. ಅಂಕಗಳನ್ನೆಲ್ಲ ಒಂದೇ ಹಟ್ಟಿಗೆ ಕೂಡಿದಂತೆ. ಮಂದೆಯನ್ನು ನೋಡಿ ಮನುಷ್ಯನನ್ನು ಹೊಗಳುವುದು ನಮಗೂ ಹೊಸದಲ್ಲ. ಪುಂಗವ, ಋಷಭ ಎಂಬ ಎತ್ತಿನ ಹೆಸರುಗಳು ಸಮಾಸದ ಕೊನೆಯಲ್ಲಿ ಬಂದಾಗ ಶ್ರೇಷ್ಠವಾಚಕಗಳಾಗುವುವೆಂದು ಅಮರಕೋಶವನ್ನು ಬಾಯಿಪಾಠ ಮಾಡಿದವರೆಲ್ಲ ಬಲ್ಲರು.

ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಶಬ್ದವನ್ನು ಮಾರ್ಲೋ ಕವಿಯು ‘ಟ್ಯಾಂಬರ್ಲೇನ್’ ನಾಟಕದಲ್ಲಿ ಸ್ತುತಿಯಾಗಿ ಬಳಸಿದನು. ಸುಮಾರು ಎರಡು ದಶಕಗಳ ತರುವಾಯ ಷೇಕ್ಸ್‌ಪಿಯರನು ‘ಸಿಂಬಲೀನ್’ ನಾಟಕದಲ್ಲಿ ಕೊಲೆಗಾರನಿಗೆ ಹಚ್ಚಿದನು. ಮಂದೆಯಿಂದ ಹೊರಬಿದ್ದದ್ದು ಉತ್ತಮವೇ ಆಗಬೇಕೆಂದೇನೂ ಇಲ್ಲವಷ್ಟೆ! ಅದಲ್ಲದೆ ವ್ಯಂಗ್ಯದ ಕೈವಾಡವೂ ಇದ್ದಿರಬೇಕೆಂದು ನಮಗೆ ತೋರುತ್ತದೆ. ಹೇಳಿದ ಹೊತ್ತಿಗೆ ಬಾರದವನನ್ನು ಕುರಿತು ನಮ್ಮ ಹೆಂಗಸರು ‘ಆ ಪುಣ್ಯಾತ್ಮ ಎಲ್ಲಿ ಹೋದನೋ’ ಎಂದಾಗ ಅವನ ಪುಣ್ಯವನ್ನು ಯಾರೂ ಎಣಿಸುವುದಿಲ್ಲ.

ಇದಕ್ಕಿಂತ ದೊಡ್ಡ ಪತನವೊಂದು ನಮ್ಮಲ್ಲಿಯೇ ನಡೆದಿದೆ. ೧೯೧೫ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಪ್ರಾಕೃತರೂಪದಲ್ಲಿ ಅಶೋಕನ ಹೆಸರಿನೊಡನೆಯೇ ಕಾಣಬರುತ್ತದೆ. ಚಕ್ರವರ್ತಿಯು ಹೆಮ್ಮೆಯಿಂದ ಧರಿಸಿದ ಈ ಬಿರುದಿಗೆ ಭಟ್ಟೋಜಿದೀಕ್ಷಿತರ ಸಿದ್ಧಾಂತಕೌಮುದಿಯಲ್ಲಿ ‘ಮೂರ್ಖ’ನೆಂದು ಅರ್ಥ! ವಿದ್ಯಾರ್ಥಿಯೊಬ್ಬನು ಗುರುಗಳನ್ನು ಹಾಗೆ ಸಂಬೋಧಿಸಿದರೆ ಅವನ ಗತಿಯೇನು?

ಪ್ರಯೋಗದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಸಣ್ಣ ಕೈತಪ್ಪಿಗೆ ಈ ವಿಶೇಷಣ ಸಲ್ಲದು. ಲೆಕ್ಕದಲ್ಲಿ ಒಂದು ಕಾಸು ಹೆಚ್ಚುಕಡಮೆಯಾದರೆ ಅದು ಬರಿಯ ತಪ್ಪು. ಪರರ ಹಣವನ್ನು ಕಂಡುಕಂಡೇ ತನ್ನ ಹೆಸರಿಗೆ ಬರೆದುಕೊಂಡರೆ ಅದು ಇಗ್ರೀಜಿಯಸ್. ತಪ್ಪು, ಅನ್ಯಾಯ, ನಂಬಿಕೆದ್ರೋಹ, ಇಂಥ ಮಾತುಗಳ ಹಿಂದೆಯೇ ಅದು ಒಪ್ಪುತ್ತದೆ. ಹೊಗಳಬೇಕಾದಲ್ಲಿ ‘ಎಮಿನೆಂಟ್’ ಎಂಬುದು ನಿರಪಾಯವಾದ ಶಬ್ದ.

ಇಟಲಿಯವರು ಮಾತ್ರ ಹಳೆಯ ಅರ್ಥವನ್ನು ಬಿಟ್ಟಿಲ್ಲ. ಆ ದೇಶದಿಂದ ಬಂದ ಕಾಗದದ ತಲೆಯಲ್ಲಿ ತಮ್ಮ ಹೆಸರಿನ ಹಿಂದೆ ‘ಎಗ್ರೇಜೊ’ ಎಂದು ಬರೆದಿದ್ದರೆ ವಾಚಕರು ಕೋಪಿಸಿಕೊಳ್ಳಬೇಕಾಗಿಲ್ಲ. ಅದು ನಮ್ಮ ‘ಮಹಾರಾಜಶ್ರೀ’ಯಂತೆ ಮರ್ಯಾದೆಯ ಒಕ್ಕಣೆ.