262ಕ್ಕೆ 262

1960, ಅಮೆರಿಕದ ಕಿರಿಯ ದರ್ಜೆಯ ಬೇಸ್‌ಬಾಲ್‌ನ ಕ್ಯಾಲಿಫೋರ್ನಿಯಾ ಲೀಗ್. ಸ್ಟಾಕ್‌ಟನ್ ತಂಡದ ಎಡಗೈ ಪಿಚರ್ ಸ್ಟೀವ್ ಡಾಲ್ಕೋವ್‌ಸ್ಕಿ 170 ಇನ್ನಿಂಗ್ಸ್‌ಗಳಲ್ಲಿ 262 ಸ್ಟ್ರೈಕ್‌ಔಟ್ ಪಡೆದ. ಅದೇ 170 ಇನ್ನಿಂಗ್ಸ್‌ಗಳಲ್ಲಿ ಅವನು ಕೊಟ್ಟ ವಾಕ್‌ಗಳೂ 262!

ಕ್ರಿಕೆಟ್ಟಿನಲ್ಲಿ ವೈಡ್ ಹಾಕಿದರೆ ಒಂದು ರನ್ನಿನ ದಂಡ. ಬೇಸ್‌ಬಾಲ್‌ನಲ್ಲಿ ಒಬ್ಬನಿಗೇ ಅಂಥ ನಾಲ್ಕು ಎಸೆತಗಳು, ಅಂದರೆ ನಾಲ್ಕು ‘ಬಾಲ್’ ಆದರೆ ಬ್ಯಾಟರ್ ಬ್ಯಾಟು ಬೀಸದೆಯೇ ಮೊದಲ ಬೇಸ್‌ಗೆ ನಡೆದುಬಿಡುತ್ತಾನೆ; ಅದೇ ವಾಕ್. ಮೂರು ಸ್ಟ್ರೈಕ್ ಆದರೆ ಔಟ್; ಅದು ಸ್ಟ್ರೈಕ್‌ಔಟ್. 262 ವಾಕ್ ಎಂದರೆ ಕಡಿಮೆಯೆಂದರೂ 1,048 ಎಸೆತಗಳು ಸ್ಟ್ರೈಕ್ ವಲಯದ ಆಚೆ!

ಇದು ಒಂದು ಸೀಸನ್ನಿನ ಕಥೆಯಲ್ಲ. 1957ರಲ್ಲಿ, 18ರ ಹುಡುಗನಾಗಿ ಕಿಂಗ್ಸ್‌ಪೋರ್ಟ್ ತಂಡದಲ್ಲಿದ್ದಾಗ, ಬ್ಲೂಫೀಲ್ಡ್ ವಿರುದ್ಧದ ಒಂದೇ ಪಂದ್ಯದಲ್ಲಿ 24 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ, 18 ಮಂದಿಗೆ ವಾಕ್ ಕೊಟ್ಟ. ಲೆಕ್ಕ ಹಾಕಿ ನೋಡಿ: 24 ಸ್ಟ್ರೈಕ್‌ಔಟ್‌ಗೆ ಕನಿಷ್ಠ 72 ಸ್ಟ್ರೈಕ್ ಬೇಕು, 18 ವಾಕ್‌ಗೆ 72 ಬಾಲ್ ಬೇಕು. ಅಷ್ಟಕ್ಕೇ 144 ಎಸೆತಗಳಾದವು. ಇಂದು ಪಿಚರ್‌ಗಳು ಒಂದು ಪಂದ್ಯದಲ್ಲಿ 100 ಎಸೆತ ದಾಟುವುದೇ ಅಪರೂಪ. ಆ ಪಂದ್ಯದಲ್ಲಿ ನಾಲ್ವರು ಬ್ಯಾಟರ್‌ಗಳಿಗೆ ಅವನ ಚೆಂಡೂ ಬಡಿಯಿತು. ಅಷ್ಟು ಮಂದಿಯನ್ನು ಔಟ್ ಮಾಡಿಯೂ ಅವನು 8–4ರಿಂದ ಸೋತ.

ಅವನ ವೇಗವನ್ನು 1958ರಲ್ಲಿ ಅಬರ್ಡೀನ್‌ನ ಸೇನಾ ಪರೀಕ್ಷಾ ನೆಲೆಯಲ್ಲಿ ಅಳೆದರು. ಹಿಂದಿನ ದಿನ ಪಂದ್ಯವಾಡಿ ದಣಿದ ತೋಳು, ಕಾಲೂರಲು ದಿಬ್ಬವಿಲ್ಲದ ಸಮತಟ್ಟು ನೆಲ. ಆದರೂ ಗಂಟೆಗೆ 150 ಕಿಲೋಮೀಟರ್ ದಾಖಲಾಯಿತು.

ಇಂಥ ತೋಳಿಗೆ ಗುರಿ ಏಕೆ ಒಲಿಯಲಿಲ್ಲ? ಪಿಚರ್ ನಿಲ್ಲುವ ಜಾಗದಿಂದ ಹೋಮ್ ಪ್ಲೇಟ್‌ಗೆ 18.44 ಮೀಟರ್, ಪ್ಲೇಟಿನ ಅಗಲ 43 ಸೆಂಟಿಮೀಟರ್. ನಟ್ಟನಡುವೆ ಗುರಿಯಿಟ್ಟ ಚೆಂಡು ಕೈಬಿಡುವಾಗ ಬರೀ ಒಂದು ಡಿಗ್ರಿ ಪಕ್ಕಕ್ಕೆ ವಾಲಿದರೆ ಅಷ್ಟು ದೂರದಲ್ಲಿ ಸುಮಾರು 30 ಸೆಂಟಿಮೀಟರ್ ಆಚೆ ಹೋಗುತ್ತದೆ. ಪ್ಲೇಟಿನ ಅಂಚೇ ನಡುವಿನಿಂದ 22 ಸೆಂಟಿಮೀಟರ್‌ಗೆ ಮುಗಿದಿರುತ್ತದೆ. ಮೈಯ ಬಲವನ್ನೆಲ್ಲ ಒಟ್ಟುಗೂಡಿಸಿ ಎಸೆಯುತ್ತ, ಆ ಒಂದು ಡಿಗ್ರಿಯನ್ನು ಪ್ರತಿ ಸಲವೂ ಕಾಯುವುದೇ ಪಿಚರ್‌ನ ವಿದ್ಯೆ.

ಆ ವಿದ್ಯೆ ಅವನಿಗೂ ಕೈಹತ್ತತೊಡಗಿತ್ತು. 1961ರಲ್ಲಿ 103 ಇನ್ನಿಂಗ್ಸ್‌ಗಳಲ್ಲಿ 196 ವಾಕ್ ಕೊಟ್ಟಿದ್ದವನು, ಮರುವರ್ಷ ಎಲ್ಮೈರಾದಲ್ಲಿ ಮ್ಯಾನೇಜರ್ ಅರ್ಲ್ ವೀವರ್ ಕೈಕೆಳಗೆ 160 ಇನ್ನಿಂಗ್ಸ್‌ಗಳಲ್ಲಿ ಕೊಟ್ಟದ್ದು 114. ಫಾಸ್ಟ್‌ಬಾಲ್ ಮತ್ತು ಸ್ಲೈಡರ್, ಈ ಎರಡೇ ಬಗೆಯ ಎಸೆತ ಸಾಕೆಂದು ವೀವರ್ ಅವನ ಹೊರೆ ಇಳಿಸಿದ್ದರು. 1963ರ ಮಾರ್ಚ್‌ನಲ್ಲಿ, ಮೇಜರ್ ಲೀಗ್‌ನ ಬಾಗಿಲಲ್ಲಿದ್ದಾಗಲೇ, ಯಾಂಕೀಸ್ ವಿರುದ್ಧದ ಅಭ್ಯಾಸ ಪಂದ್ಯದಲ್ಲಿ ಅವನ ಮೊಣಕೈ ಕೆಟ್ಟಿತು. ಮೇಜರ್ ಲೀಗ್‌ನಲ್ಲಿ ಅವನು ಎಸೆದ ಚೆಂಡುಗಳ ಸಂಖ್ಯೆ ಸೊನ್ನೆ.

ಕಿರಿಯರ ಲೀಗ್‌ಗಳಲ್ಲಿ ಇಂದೂ ವಾಕ್ ಮೇಲೆ ವಾಕ್ ಕೊಡುವ ಹುಡುಗರಿದ್ದಾರೆ. ಅವರನ್ನು ಕೈಲಾಗದವರೆಂದು ತಳ್ಳಿಹಾಕುವವರು 1961 ಮತ್ತು 1962ರ ಅವನ ಆ ಎರಡು ಲೆಕ್ಕಗಳನ್ನು ಒಟ್ಟಿಗಿಟ್ಟು ನೋಡಬೇಕು. ನಿಯಂತ್ರಣ ತಡವಾಗಿಯೂ ಬರುತ್ತದೆ; ಅದು ಬರುವವರೆಗೆ ತೋಳು ಉಳಿಯಬೇಕು, ತಾಳ್ಮೆಯಿಂದ ಕಲಿಸುವವರು ಜೊತೆಗಿರಬೇಕು.