ವ್ಯವಹಾರ ಕಾರ್ಯತಂತ್ರದ ಅನುಭವಾಧಾರಿತ ಕಲಿಕೆ: ಹುಕ್ಕೇರಿಯ ನಿದರ್ಶನ

ಬಿ.ಕಾಂ. ಹಾಗೂ ಬಿ.ಬಿ.ಎ. ಪದವಿಗಳಲ್ಲಿ ಬೋಧಿಸಲಾಗುವ ವ್ಯವಹಾರ ಕಾರ್ಯತಂತ್ರವು, ಮಿತವಾದ ಸಂಪನ್ಮೂಲವನ್ನು ಮೊದಲು ಯಾವುದಕ್ಕೆ ವಿನಿಯೋಗಿಸಬೇಕೆಂಬ ನಿರ್ಣಯಕ್ಕೆ ಸಂಬಂಧಿಸಿದ ವಿಷಯವಾಗಿರುತ್ತದೆ. ಕೇವಲ ಪಠ್ಯಪುಸ್ತಕದ ಅಧ್ಯಯನದಿಂದ ಈ ನಿರ್ಣಯಶಕ್ತಿ ಲಭಿಸುವುದಿಲ್ಲ. ಕಾರ್ಯನಿರತ ಸಂಸ್ಥೆಯೊಂದನ್ನು ಸಮೀಪದಿಂದ ಅರಿತು, ವಿದ್ಯಾರ್ಥಿಯು ತಾನೇ ತೀರ್ಮಾನ ಕೈಗೊಂಡು, ಅದರ ಪರಿಣಾಮವನ್ನು ವಿಮರ್ಶಿಸುವ ಕ್ರಮಕ್ಕೆ ಅನುಭವಾಧಾರಿತ ಕಲಿಕೆ ಎನ್ನಲಾಗುತ್ತದೆ.

ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಇಂತಹ ಕಲಿಕೆಗೆ ಸೂಕ್ತ ನಿದರ್ಶನವಾಗಿದೆ. 1969ರಲ್ಲಿ ಸ್ಥಾಪಿತವಾದ ಈ ಸಂಘವು ವಿದ್ಯುತ್ತನ್ನು ಸಗಟಾಗಿ ಖರೀದಿಸಿ ಗ್ರಾಹಕರಿಗೆ ವಿತರಿಸುತ್ತದೆ. ಆದರೆ ಮಾರಾಟದ ದರವನ್ನು ಸಂಘವು ನಿಗದಿಪಡಿಸುವಂತಿಲ್ಲ. ಅದನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿರ್ಧರಿಸುತ್ತದೆ. 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳ ಬಳಕೆಗೆ ಸಂಬಂಧಿಸಿದ ಮೊತ್ತವು ಸರ್ಕಾರದ ಸಹಾಯಧನವನ್ನು ಅವಲಂಬಿಸಿರುತ್ತದೆ.

ಹೀಗಿರುವಾಗ ದರ ಏರಿಸಿ ನಷ್ಟ ಭರಿಸುವ ಮಾರ್ಗವಿಲ್ಲ. ವಿತರಣಾ ನಷ್ಟ ತಗ್ಗಿಸುವುದೇ, ಬಿಲ್ ವಸೂಲಿಯನ್ನು ಬಿಗಿಗೊಳಿಸುವುದೇ, ಟಿ.ಸಿ.ಗಳ ದುರಸ್ತಿಗೆ ಹಣ ಮೀಸಲಿಡುವುದೇ ಎಂಬುದನ್ನು ನಿರ್ಣಯಿಸಬೇಕಾಗುತ್ತದೆ. ದುರಸ್ತಿ ತಡವಾದಲ್ಲಿ ರೈತರ ಕಬ್ಬಿಗೆ ನೀರು ತಪ್ಪುತ್ತದೆ. ವಸೂಲಿ ತಡವಾದಲ್ಲಿ ವಿದ್ಯುತ್ ಖರೀದಿಗೆ ಹಣ ಸಾಲದಾಗುತ್ತದೆ.

ಅಧ್ಯಯನಕ್ಕೆ ಆಯೋಗದ ದರ ಆದೇಶಗಳು ಉತ್ತಮ ಆಧಾರವಾಗಿದ್ದು, ಇವು ಸಾರ್ವಜನಿಕವಾಗಿ ಲಭ್ಯವಿವೆ. ವಿದ್ಯಾರ್ಥಿಗಳು ತಂಡಗಳಾಗಿ ಮೊದಲು ತಮ್ಮದೇ ಯೋಜನೆಯನ್ನು ಸಿದ್ಧಪಡಿಸಿ, ತದನಂತರ ಸಂಘದ ಪ್ರಸ್ತಾವನೆ ಹಾಗೂ ಆಯೋಗದ ತೀರ್ಮಾನದೊಂದಿಗೆ ಹೋಲಿಸಿ ನೋಡಬಹುದು. ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಯಲ್ಲಿ ಗ್ರಾಹಕರ ಆಕ್ಷೇಪಣೆಗಳನ್ನು ಆಲಿಸುವುದು ಸಹ ಕಲಿಕೆಯ ಭಾಗವೇ ಆಗಿದೆ. ಸಂಘದ ಕಚೇರಿಗೆ ಭೇಟಿ ನೀಡಬಯಸುವವರು ಕಾಲೇಜಿನ ಪ್ರಾಂಶುಪಾಲರ ಮೂಲಕ ಲಿಖಿತ ಮನವಿ ಸಲ್ಲಿಸಿ, ಪೂರ್ವಾನುಮತಿ ಪಡೆಯುವುದು ಸೂಕ್ತ.